ಮಾವನೂ ನಾನೂ ನಾಲ್ಕು ಕೈಯಲ್ಲಿ ನುಡಿಸಿದ ಹಾಡು

ಎರಡು ತಿಂಗಳ ಕಾಲ ನಾನೊಂದು ಸಂಗತಿಯನ್ನು ಹೊಟ್ಟೆಯೊಳಗಿಟ್ಟುಕೊಂಡು ಓಡಾಡಿದೆ. ನನ್ನ ಮಾವನಿಗೆ, ಅಂದರೆ ನನ್ನ ಗಂಡನ ತಂದೆಗೆ, ಕಿವಿ ಕೇಳಿಸುತ್ತಿಲ್ಲ ಅನ್ನುವುದೇ ಆ ಸಂಗತಿ. ಗಂಡನಿಗೆ ಹೇಳಲಿಲ್ಲ. ಮಾವನಿಗಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. ಹೇಳದೆ ಸುಮ್ಮನಿದ್ದಿದ್ದರೆ ಅದು ಬೇರೆ ಮಾತು. ನಾನು ಅದೇ ಮಾವನನ್ನು ನಲವತ್ತು ಜನರ ಎದುರಿಗೆ ಪಕ್ಕದಲ್ಲಿ ಕೂರಿಸಿಕೊಂಡು ಪಿಯಾನೋ ನುಡಿಸಲು ಒಪ್ಪಿಕೊಂಡಿದ್ದೆ. ಆ ನಲವತ್ತರಲ್ಲಿ ಆರು ಜನ ಅವರ ಸ್ವಂತ ಶಿಷ್ಯರು.

ನಾನು ಮೊದಲಿನಿಂದಲೂ ಪುಕ್ಕಲಿ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದ್ದೀನೋ ಇಲ್ಲವೋ ಎಂದು ವಾಪಸು ಬರುವ ಜಾತಿ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬೋರ್ಡಿನ ಮೇಲೆ ಏಳೆಂಟ್ಲೆ ಐವತ್ತಾರು ಎಂದು ಬರೆದ ಮೇಲೂ ಒಮ್ಮೆ ಅನುಮಾನದಿಂದ ತಿರುಗಿ ನೋಡುತ್ತೇನೆ. ಇಂಥವಳು ನಲವತ್ತಾರನೆಯ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಹೊರಟದ್ದು ಡಾಕ್ಟರ ಮಾತು ಕೇಳಿ. ‘ಯೋಚನೆ ಕಮ್ಮಿ ಮಾಡಿ, ಏನಾದ್ರೂ ಹವ್ಯಾಸ ಇಟ್ಕೊಳ್ಳಿ’ ಅಂದಿದ್ದರು. ಹವ್ಯಾಸ ಬಂತು. ಯೋಚನೆ ಮಾಡುವುದಕ್ಕೆ ಇನ್ನೊಂದು ವಿಷಯ ಸಿಕ್ಕಿತು, ಅಷ್ಟೇ.

ನನಗೆ ಕಲಿಸುವ ಮೇಡಂ ಇರುವುದು ಎಸ್.ಎಸ್. ಪುರಂನಲ್ಲಿ. ಬೆಂಗಳೂರಿನ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ರಿಟೈರಾಗಿ ಇಲ್ಲಿ ಬಂದು ನೆಲೆಸಿದವರು. ಅವರ ಮಹಡಿ ಹಾಲಿನಲ್ಲಿ ಗೋಡೆಗೆ ಒರಗಿಸಿದ ಒಂದು ಹಳೆಯ ಪಿಯಾನೋ ಇದೆ. ವರ್ಷಕ್ಕೊಂದು ಭಾನುವಾರ ಸಂಜೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಶಿಷ್ಯರಿಂದ ನುಡಿಸಿಸಿ, ಬಂದವರಿಗೆಲ್ಲ ಖಾರಾಬಾತು ಕೇಸರಿಬಾತು ಕೊಡುವುದು ಅವರ ಪದ್ಧತಿ. ಶಿಷ್ಯರೆಲ್ಲ ನನ್ನ ಎಂಟನೇ ಕ್ಲಾಸಿನ ಮಕ್ಕಳ ವಯಸ್ಸಿನವರು. ಅವರ ಮಧ್ಯೆ ಓದುವ ಕನ್ನಡಕ ಹಾಕಿಕೊಂಡು ಕೂರುವವಳು ನಾನೊಬ್ಬಳೇ.

ಕಳೆದ ವರ್ಷದ ಆ ಸಂಜೆಗೆಂದು ಮೇಡಂ ನನ್ನ ಕೈಗೆ ಒಂದು ಪುಸ್ತಕ ಕೊಟ್ಟರು. ಹಿಂದಿನ ಕಾಲದ ರಷ್ಯಾದಲ್ಲಿ ಮನೆಮನೆಯಲ್ಲೂ ಹಾಡುತ್ತಿದ್ದ ಒಂದು ಹಾಡು. ಅಂಥ ಹಾಡುಗಳಿಗೆ ಅಲ್ಲಿ ರೊಮಾನ್ಸ್ ಅನ್ನುತ್ತಾರಂತೆ. ನಾನು ಮುಖ ಕೆಂಪು ಮಾಡಿಕೊಂಡದ್ದು ಕಂಡು ಮೇಡಂ ನಕ್ಕು, ‘ನಮ್ಮ ಭಾವಗೀತೆ ಇದ್ದ ಹಾಗೆ ರೀ, ಗಾಬರಿ ಬೇಡ’ ಅಂದರು. ಆ ಹಾಡು ಎಷ್ಟು ಜನಪ್ರಿಯವಾಗಿತ್ತೆಂದರೆ, ಒಬ್ಬ ದೊಡ್ಡ ಸಂಯೋಜಕ ಅದನ್ನು ತೆಗೆದುಕೊಂಡು ಒಂದೇ ಪಿಯಾನೋದಲ್ಲಿ ಇಬ್ಬರು ಕೂತು ನುಡಿಸುವಂತೆ ಹೊಸದಾಗಿ ಬರೆದಿದ್ದ. ಆಗ ರೇಡಿಯೋ ಇಲ್ಲ, ರೆಕಾರ್ಡಿಲ್ಲ. ಮನೆಯಲ್ಲಿ ಹಾಡು ಕೇಳಬೇಕೆಂದರೆ ಇಬ್ಬರು ಅಕ್ಕಪಕ್ಕ ಕೂರಬೇಕು. ಬಲಗಡೆಯವರು ಮೇಲಿನ ಸ್ವರಗಳಲ್ಲಿ ಹಾಡನ್ನು ನುಡಿಸುತ್ತಾರೆ, ಎಡಗಡೆಯವರು ತಗ್ಗಿನ ಸ್ವರಗಳಲ್ಲಿ ಅದಕ್ಕೆ ಆಸರೆ ಕೊಡುತ್ತಾರೆ.

ಪುಸ್ತಕದ ಎಡಪುಟ ಎಡಗಡೆಯವರಿಗೆ, ಬಲಪುಟ ಬಲಗಡೆಯವರಿಗೆ. ಇದು ನನಗೆ ಗೊತ್ತಿರಲಿಲ್ಲ. ಮೊದಲ ವಾರ ಎಡಪುಟ ಮುಗಿಸಿ, ಅದರ ಮುಂದುವರಿಕೆ ಎಂದುಕೊಂಡು ಬಲಪುಟ ನುಡಿಸಿದೆ. ಮೊದಲರ್ಧದಲ್ಲಿ ಬರೀ ಢುಂ ಢುಂ, ಆಮೇಲೆ ಇದ್ದಕ್ಕಿದ್ದಂತೆ ಹಾಡು. ರಷ್ಯನ್ನರ ರುಚಿಯೇ ಹೀಗಿರಬೇಕು ಎಂದು ಸುಮ್ಮನಾಗಿದ್ದೆ. ಮೇಡಂ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎಡಗಡೆಯ ಭಾಗ ಮೇಡಂ ನುಡಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡ ಕೈ ನೋಡಿ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಮಾಧಾನ. ಸದ್ಯ, ನಲವತ್ತು ಜನರ ಮುಂದೆ ನುಡಿಸುವುದು ತಪ್ಪಿತು ಅಂದುಕೊಂಡೆ. ಅದೇ ಸಂತೋಷದಲ್ಲಿ ಮನೆಗೆ ಬಂದು ಊಟಕ್ಕೆ ಬಡಿಸುತ್ತಾ ಗಂಡನ ಹತ್ತಿರ ಹೇಳಿದೆ. ‘ಹಾಗಾದ್ರೆ ಕೆಳಗಿನ ಸ್ವರ ನುಡಿಸೋರು ಯಾರೂ ಇಲ್ವಾ?’ ಎಂದು ಅವರು ದೊಡ್ಡ ದನಿಯಲ್ಲಿ ಕೇಳಿದ್ದೇ ತಡ, ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ಮಾವ ತಲೆಯೆತ್ತಿದರು.

‘ಕೆಳಗಿನ್ದು ಬರ್ಕೊಡು ಕಣಮ್ಮ. ನಾನ್ ಬಾರಿಸ್ತೀನಿ.’

ಮಾವ ಗುಬ್ಬಿಯವರು. ಎಪ್ಪತ್ತಾರು ವಯಸ್ಸು. ಹುಡುಗರಾಗಿದ್ದಾಗಲೇ ನಾಟಕ ಕಂಪನಿ ಸೇರಿ, ಕಾಲಲ್ಲಿ ತಿದಿ ಒತ್ತುತ್ತಾ ಎರಡು ಕೈಯಲ್ಲೂ ನುಡಿಸುವ ದೊಡ್ಡ ಹಾರ್ಮೋನಿಯಂ ಬಾರಿಸಿಕೊಂಡು ಊರೂರು ತಿರುಗಿದವರು. ಅತ್ತೆ ತೀರಿಕೊಂಡ ಮೇಲೆ ತುಮಕೂರಿಗೆ, ನಮ್ಮ ಮನೆಗೆ ಬಂದರು. ಹಾರ್ಮೋನಿಯಂ ಅವರಿಗಿಂತ ಮೊದಲು ಬಂದು ಹಾಲಿನಲ್ಲಿ ಕೂತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಗುಬ್ಬಿಗೆ ಹೋಗಿ ಆರು ಮಕ್ಕಳಿಗೆ ಪಾಠ ಹೇಳಿ ಬರುತ್ತಾರೆ. ಶನಿವಾರವೇ ಪಂಚೆಗೆ ಇಸ್ತ್ರಿ ಆಗಬೇಕು. ಉಳಿದ ಆರು ದಿನ ಅವರು ಭಾನುವಾರಕ್ಕಾಗಿ ಕಾಯುತ್ತಾರೆ ಅಂದರೆ ತಪ್ಪಾಗಲಾರದು.

ಗೆರೆಗಳ ಮೇಲೆ ಬರೆಯುವ ಆ ಸ್ವರಲಿಪಿ ಅವರಿಗೆ ಬಾರದು. ಎಡಪುಟವನ್ನೆಲ್ಲ ನಾನು ಸರಿಗಮದಲ್ಲಿ ಬರೆದುಕೊಟ್ಟೆ. ಮೂರು ಸ್ವರ ಒಟ್ಟಿಗೆ ಬರುವ ಕಡೆ ಕೂಡುವ ಲೆಕ್ಕದ ಹಾಗೆ ಒಂದರ ಕೆಳಗೊಂದು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಪುಟ ಓದಿ, ‘ರಾಗ ಕೀರವಾಣಿ ಇದ್ದಂಗೈತಲ್ಲಮ್ಮ. ನಡೆ ತಿಶ್ರ, ಮೂರ್ಮೂರೆಣಿಕೆ. ಪಾಪ, ಆ ಚಳೀಲಿ ಕೂತು ಬರ್ದವ್ನೆ’ ಅಂದರು. ಹತ್ತೇ ದಿನಕ್ಕೆ ಪೂರ್ತಿ ಬಾಯಿಪಾಠವಾಯಿತು. ಸಂಜೆ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅವರು ಹಾರ್ಮೋನಿಯಂ ಮುಂದೆ ತಯಾರಾಗಿರುತ್ತಿದ್ದರು. ನಾನು ಮೇಜಿನ ಮೇಲಿನ ಎಲೆಕ್ಟ್ರಿಕ್ ಕೀಬೋರ್ಡ್ ಮುಂದೆ ಕೂರುತ್ತಿದ್ದೆ. ನಡುವೆ ಎರಡು ಮಾರು ಅಂತರ, ಮರ್ಯಾದೆಯ ಅಂತರ. ಅವರು ತಮ್ಮ ಕೈಯನ್ನು ಎಂದೂ ನೋಡಿಕೊಳ್ಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕಂಪನಿಯ ಅಭ್ಯಾಸ, ರಂಗದ ಮೇಲಿದ್ದವರನ್ನು ನೋಡಿಯೇ ನುಡಿಸಿದವರು ಎಂದು ನಾನು ತಿಳಿದಿದ್ದೆ.

ಒಂದು ಮಂಗಳವಾರ ಗಂಡ ಫೋನಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದರೆಂದು ನಾನು ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಅವರ ಮೀಟಿಂಗ್ ಮುಗಿಯಿತು, ಮಾವ ಬಂದು ಕೂತರು. ನಾನು ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ವೈರು ಕೀಬೋರ್ಡಿಗೆ ಸಿಕ್ಕಿಸಿದ ಹಾಗೆಯೇ ಇತ್ತು. ತಲೆಯಾಡಿಸಿ ಶುರು ಮಾಡಿದೆ. ನನ್ನ ಕೀಬೋರ್ಡಿನಿಂದ ಸದ್ದೇ ಬರಲಿಲ್ಲ.

ನಿಲ್ಲಿಸಬೇಕಿತ್ತು. ನಿಲ್ಲಿಸಿ ವೈರು ಎಳೆದಿದ್ದರೆ ಒಂದು ನಗೆಯಲ್ಲಿ ಮುಗಿದುಹೋಗುತ್ತಿತ್ತು. ಆದರೆ ಅಷ್ಟರಲ್ಲಿ ಮಾವ ಶುರು ಮಾಡಿಬಿಟ್ಟಿದ್ದರು. ಮೊದಲು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆಯ ಮುಖವಲ್ಲ. ಎಂದಿನ ಹಾಗೆ ನನ್ನ ಬೆರಳುಗಳ ಮೇಲೆ ಕಣ್ಣಿಟ್ಟು, ನಾನು ನಿಧಾನ ಮಾಡಿದ ಕಡೆ ನಿಧಾನ ಮಾಡುತ್ತಾ, ಉಸಿರಿಗೆ ನಿಂತ ಕಡೆ ನಿಲ್ಲುತ್ತಾ ನುಡಿಸುತ್ತಿದ್ದರು. ಇಡೀ ಹಾಲಿನಲ್ಲಿ ಅವರ ಹಾರ್ಮೋನಿಯಂ ಒಂದೇ ಕೇಳುತ್ತಿತ್ತು. ನಾನು ಕೊನೆಯವರೆಗೂ ಮೂಕವಾಗಿ ಬೆರಳಾಡಿಸಿದೆ. ಬೆವರಿನಿಂದ ಕೀ ಜಾರುತ್ತಿತ್ತು.

ಮುಗಿದ ಮೇಲೆ ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ‘ಇವತ್ತು ನಿಂದು ಚೆನ್ನಾಗ್ ಬಂತು ಕಣಮ್ಮ. ನಿನ್ನೆ ವಸಿ ಗಡಿಬಿಡಿ ಇತ್ತು’ ಅಂದರು.

ಮರುದಿನ ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಬೇಕೆಂದೇ ವೈರು ಎಳೆಯಲಿಲ್ಲ. ನನ್ನ ಅನುಮಾನ ಸುಳ್ಳಾಗಲಿ ಎಂಬ ಆಸೆಯಿಂದಲೇ ಹಾಗೆ ಮಾಡಿದ್ದು, ಆದರೂ ಹಿರಿಯರನ್ನು ಪರೀಕ್ಷೆಗೆ ಹಚ್ಚಿದ ಪಾಪ ಪಾಪವೇ. ಅವತ್ತೂ ಅವರು ಕೊನೆಯವರೆಗೆ ನುಡಿಸಿ ನಕ್ಕರು. ಆಮೇಲೆ ಒಂದೊಂದೇ ಕೂಡಿಸಿದೆ. ಟಿವಿ ಸದ್ದು ವರ್ಷದಿಂದ ಏರುತ್ತಲೇ ಇತ್ತು. ನನ್ನ ಗಂಡನ ದಪ್ಪ ದನಿಗೆ ತಕ್ಷಣ ತಿರುಗುವವರು ನನ್ನ ದನಿಗೆ ‘ಆಂ?’ ಅನ್ನುತ್ತಿದ್ದರು. ‘ನೀವ್ ಹೆಂಗಸ್ರು ಬಾಯೊಳ್ಗೇ ಮಾತಾಡ್ತೀರ’ ಎಂದು ಗದರುತ್ತಿದ್ದರು. ಕುಕ್ಕರಿನ ಸೀಟಿ ಪಕ್ಕದಲ್ಲೇ ಕೂಗಿದರೂ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ವಯಸ್ಸಾದಾಗ ಮೊದಲು ಹೋಗುವುದು ತೆಳುವಾದ, ಎತ್ತರದ ಸದ್ದುಗಳಂತೆ, ತಗ್ಗಿನವು ಉಳಿಯುತ್ತವಂತೆ. ಹಾಗಾಗಿ ತಾವು ನುಡಿಸಿದ್ದು ಅವರಿಗೆ ಕೇಳುತ್ತಿತ್ತು. ನಾನು ನುಡಿಸಿದ್ದು ಕೇಳುತ್ತಿರಲಿಲ್ಲ.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಏನಂತ ಹೇಳಲಿ? ಸೊಸೆ ಮಾವನಿಗೆ ಮಾತ್ರೆ ಕೊಡಬಹುದು, ಬಿಸಿನೀರು ಕಾಯಿಸಿಕೊಡಬಹುದು. ‘ಮಾವ, ನಿಮಗೆ ಕಿವಿ ಹೋಗಿದೆ’ ಎಂದು ಸಂಗೀತಗಾರನಿಗೆ ಹೇಳಲು ಯಾವ ಬಾಯಿ ಬೇಕು? ಗಂಡನಿಗೆ ಹೇಳಿದರೆ ಅವರು ಆ ಗಳಿಗೆಯಲ್ಲೇ ಎದುರು ಕೂತು ಹೇಳಿಬಿಡುತ್ತಾರೆ, ಅವರಿಗೆ ನಾಲಿಗೆಗೂ ಮನಸ್ಸಿಗೂ ನಡುವೆ ಬಾಗಿಲೇ ಇಲ್ಲ. ಮಾವ ಮರುಮಾತಾಡದೆ ಹಾರ್ಮೋನಿಯಂಗೆ ಬಟ್ಟೆ ಹೊದಿಸಿ, ಭಾನುವಾರದ ರೈಲು ಹತ್ತುವುದನ್ನು ನಿಲ್ಲಿಸುತ್ತಾರೆ. ಅದು ನನಗೆ ಖಂಡಿತವಾಗಿ ಗೊತ್ತಿತ್ತು. ಸರಿ, ಕಾರ್ಯಕ್ರಮವಾದರೂ ತಪ್ಪಿಸೋಣವೆಂದರೆ ಅವರು ಆಗಲೇ ಗುಬ್ಬಿಯ ಆರೂ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಬರಹೇಳಿ ಬಂದಿದ್ದರು. ‘ರಷ್ಯಾ ಹಾಡು ಬಾರಿಸ್ತೀನಿ, ಬಂದ್ ನೋಡ್ರಪ್ಪ’ ಅಂದಿದ್ದರಂತೆ. ಅಲ್ಲಿ, ಆ ಮಕ್ಕಳೆದುರು, ನಾನೊಂದು ಕಡೆ ಅವರೊಂದು ಕಡೆ ಆಗಿ, ಅವರಿಗೆ ಅದು ತಿಳಿಯದೇ ಹೋಗಿ, ತಿಳಿಯದೆ ನುಡಿಸುತ್ತಲೇ ಇದ್ದು, ಯಾರಾದರೂ ಕಿಸಕ್ಕೆಂದರೆ? ಆ ನಗೆ ಎತ್ತರದ ಸದ್ದು, ಅದೂ ಅವರಿಗೆ ಕೇಳಿಸುವುದಿಲ್ಲ.

ತಡೆಯಲಾರದೆ ಒಂದು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಕುಣಿಗಲ್ಲಿಗೆ, ತವರಿಗೆ ಹೋದೆ. ಹೆಬ್ಬೂರು ದಾಟುವವರೆಗೂ ನಿಂತೇ ಇದ್ದೆ, ಬಸ್ಸಿನಲ್ಲಿ ಅಷ್ಟು ಜನ. ನಮ್ಮಮ್ಮ ಹಿತ್ತಲಲ್ಲಿ ಹಿದಕಿದ ಬೇಳೆಗೆ ಅವರೆಕಾಳು ನೆನೆಹಾಕುತ್ತಾ ಕೂತಿದ್ದಳು. ಎಲ್ಲ ಹೇಳಿಕೊಂಡೆ. ಹೆಡ್‌ಫೋನು, ಕುಕ್ಕರಿನ ಸೀಟಿ, ಗುಬ್ಬಿಯ ಮಕ್ಕಳು, ಒಂದೇ ಪಿಯಾನೋ. ಅಮ್ಮ ಕೈ ಒದ್ದೆಯಿದ್ದಂತೆಯೇ ಕೆನ್ನೆಗಿಟ್ಟುಕೊಂಡಳು.

‘ಅಂದ್ರೆ ಮಾವನ್ ಪಕ್ಕ ಒಂದೇ ಬೆಂಚಲ್ಲಿ ಕೂತ್ಕೊತೀಯೇನೇ?’

‘ಅಮ್ಮ, ನಾನ್ ಹೇಳ್ತಿರೋದು ಕಿವಿ ವಿಷ್ಯ.’

‘ಕಿವಿ ಬುಡು, ವಯಸ್ಸಾದ್ಮೇಲೆ ಎಲ್ಲಾರ್ಗೂ ಹೋಗ್ತದೆ. ನಾನು ನಮ್ಮ ಮಾವ ಬಂದ್ರೆ ಮಂಚದಿಂದ ಎದ್ದು ಬಾಗ್ಲ ಹಿಂದಕ್ಕೆ ಹೋಗ್ತಿದ್ದೆ. ನೀನು ಭುಜಕ್ಕೆ ಭುಜ ತಾಗಿಸ್ಕೊಂಡು ಕೂತ್ಕೊತೀಯ? ಜನ ಏನಂತಾರೆ ಕಣೇ?’

ಒಂದು ಚಿಂತೆ ಇಳಿಸಲು ಹೋಗಿ ಎರಡನೆಯದನ್ನು ಹೊತ್ತುಕೊಂಡು ವಾಪಸು ಬಂದೆ. ಏಕೆಂದರೆ ಅಮ್ಮ ಹೇಳಿದ್ದು ನಿಜವಾಗಿತ್ತು. ನಾನು ಗಣಿತದ ಟೀಚರಾಗಿರಬಹುದು, ಸ್ಕೂಟರ್ ಓಡಿಸಬಹುದು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಮಾವ ಕೂತ ಸೋಫಾದಲ್ಲಿ ನಾನೆಂದೂ ಕೂತಿರಲಿಲ್ಲ. ಯಾರೂ ಕೂರಬೇಡವೆಂದಿರಲಿಲ್ಲ. ಕೂರುತ್ತಿರಲಿಲ್ಲ, ಅಷ್ಟೇ.

ಹಾರ್ಮೋನಿಯಮ್ಮೇ ಇರಲಿ, ಅವರು ಅತ್ತ ನಾನು ಇತ್ತ ಎಂದು ಮೇಡಂಗೆ ಕೇಳಿಕೊಂಡೆ. ಮೇಡಂ ಒಪ್ಪಲಿಲ್ಲ. ‘ಬರೆದವನು ಒಂದೇ ಪಿಯಾನೋಗೆ ಬರ್ದಿದಾನೆ ರೀ. ಇಬ್ಬರೂ ಒಂದೇ ಕಡೆ ಕೂತ್ರೇನೇ ಅದು ಅದಾಗೋದು’ ಅಂದರು. ಮಾವನನ್ನು ಕರೆದುಕೊಂಡು ಹೋದೆ. ಅವರು ಚಪ್ಪಲಿ ಕೆಳಗೆ ಬಿಟ್ಟು ಬಂದು, ಪಿಯಾನೋಗೆ ಕೈಮುಗಿದು, ಬೆಂಚನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಗೋಡೆ ನೋಡುತ್ತಾ, ‘ಎರಡು ಬೇರೆಬೇರೆ ಕುರ್ಚಿ ಹಾಕ್ಬೋದೇನಮ್ಮ?’ ಎಂದು ಕೇಳಿದರು. ಹಾಕಿಸಿದೆವು. ನಡುವೆ ಒಂದು ಗೇಣು ಜಾಗ ಬಿಟ್ಟೆವು. ಆ ಗೇಣು ಜಾಗದಿಂದಾಗಿ ಇಬ್ಬರೂ ಒಬ್ಬರ ಕಡೆಗೊಬ್ಬರು ವಾಲಿಕೊಂಡು ನುಡಿಸಬೇಕಾಗಿತ್ತು.

ಅವರಿಗೆ ಪಿಯಾನೋ ಹಿಡಿಸಲಿಲ್ಲ. ‘ಒತ್ತಿ ಹಿಡಿದ್ರೂ ಸ್ವರ ಸತ್ತೋಗ್ತದಲ್ಲ’ ಎಂದು ಬೇಸರಪಟ್ಟರು. ಕಾಲುಗಳಂತೂ ಸುಮ್ಮನಿರಲಾರದೆ ಕೆಳಗಿನ ಪೆಡಲನ್ನು ತಿದಿಯ ಹಾಗೆ ಒತ್ತುತ್ತಲೇ ಇದ್ದವು. ‘ಸಾರ್, ಇದಕ್ಕೆ ಗಾಳಿ ಹಾಕ್ಬೇಕಾಗಿಲ್ಲ’ ಎಂದು ಮೇಡಂ ನಕ್ಕರು. ಮೇಡಂ ದನಿ ತೆಳು. ಮಾವ ಅವರ ಬಾಯಿಯನ್ನೇ ನೋಡಿ ಅರ್ಥ ಮಾಡಿಕೊಂಡು ಅವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನಿಜವಾದ ತೊಂದರೆ ಇದ್ದದ್ದು ಮೂರನೆಯ ಪುಟದಲ್ಲಿ. ಅಲ್ಲಿ ಒಂದು ಕೀ ಇಬ್ಬರಿಗೂ ಸೇರಿದ್ದು. ಮಾವನ ಬಲಗೈ ಅದನ್ನು ಒತ್ತಿ ಬಿಟ್ಟ ಮರುಕ್ಷಣ ನನ್ನ ಎಡಗೈ ಅದನ್ನೇ ಒತ್ತಬೇಕು. ಒಬ್ಬರ ಬೆರಳ ಕೆಳಗಿನಿಂದ ಇನ್ನೊಬ್ಬರು ಸ್ವರವನ್ನು ತೆಗೆದುಕೊಂಡು ಹೋಗುವ ಹಾಗೆ ಬರೆದಿದ್ದಾನೆ. ರಷ್ಯಾದಲ್ಲಿ ಯಾವ ಅಕ್ಕತಂಗಿಯರನ್ನು, ಯಾವ ಗಂಡಹೆಂಡಿರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೋ, ಮಾವ ಸೊಸೆಯರನ್ನಂತೂ ಖಂಡಿತ ಅಲ್ಲ. ಆ ಜಾಗ ಬಂದಾಗ ನನ್ನ ಕೈ ತಾಗೀತೆಂದು ಅವರು ಮೊದಲೇ ಕೈ ಎತ್ತಿಬಿಡುತ್ತಿದ್ದರು. ಅವರ ಕೈ ತಾಗೀತೆಂದು ನಾನು ಕೈ ಇಡುತ್ತಲೇ ಇರಲಿಲ್ಲ. ಆ ಸ್ವರವನ್ನು ಇಬ್ಬರೂ ನುಡಿಸುತ್ತಿರಲಿಲ್ಲ. ‘ಇಲ್ಲೊಂದು ನೋಟ್ ಇತ್ತಲ್ಲ, ಎಲ್ಲಿ ಹೋಯ್ತು?’ ಎಂದು ಮೇಡಂ ಮೂರು ಸಲ ಕೇಳಿದರು. ನಾವಿಬ್ಬರೂ ತಲೆ ತಗ್ಗಿಸಿ ಕೂತೆವು. ಕೊನೆಗೆ ಒಂದು ನಿಯಮ ಮಾಡಿಕೊಂಡೆವು. ಅವರು ಒತ್ತಿ, ಕೈಯನ್ನು ಪೂರ್ತಿ ಮೇಲೆತ್ತಿ ಎದೆಯ ಹತ್ತಿರಕ್ಕೆ ಒಯ್ಯುವುದು, ಆಮೇಲೆ ನಾನು ಒತ್ತುವುದು.

ಆ ಭಾನುವಾರ ಬಂದೇಬಿಟ್ಟಿತು. ಗುಬ್ಬಿಯಿಂದ ಮಕ್ಕಳು ಮಧ್ಯಾಹ್ನದ ಬಸ್ಸಿಗೇ ಬಂದು ಮೇಡಂ ಮನೆಯ ಎರಡನೇ ಸಾಲಿನಲ್ಲಿ ಒತ್ತೊತ್ತಾಗಿ ಕೂತಿದ್ದರು. ಹೊಸ ಬಟ್ಟೆ, ಎಣ್ಣೆ ಹಾಕಿ ಬಾಚಿದ ತಲೆ. ಮಾವ ಬಿಳಿ ಜುಬ್ಬಾ ಹಾಕಿಕೊಂಡು ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ಮಾತಾಡಿಸಿದರು. ಒಂದು ಪುಟ್ಟ ಹುಡುಗಿ ಏನೋ ಕೇಳಿದಳು. ಮಾವ ಅವಳ ಮುಖವನ್ನೇ ನೋಡಿ ನಕ್ಕು ‘ಹೂಂ’ ಅಂದರು. ಅವಳು ಕೇಳಿದ್ದು ಹೂಂ ಅನ್ನುವಂಥದ್ದಲ್ಲ, ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು. ಅವಳು ಗೊಂದಲದಿಂದ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ನಮ್ಮ ಸರದಿ ಕೊನೆಯದು. ನಾವು ಹೋಗಿ ಕೂತಾಗ ಎರಡು ಕುರ್ಚಿಗಳ ನಡುವಿನ ಗೇಣು ಜಾಗ ಇದೆಯೇ ಎಂದು ನೋಡಿದೆ. ಇತ್ತು. ಪುಟ ತಿರುವಲು ಮೇಡಂ ನನ್ನ ಬಲಗಡೆ ನಿಂತರು. ತಲೆಯಾಡಿಸಿದೆ, ಶುರುವಾಯಿತು. ಮೊದಲನೆಯ ಪುಟ ಹೇಗೋ ದಾಟಿತು. ಎರಡನೆಯದೂ ದಾಟಿತು. ನುಡಿಸಿದ್ದು ಚೆನ್ನಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ಹಾಡನ್ನು ಕೇಳುತ್ತಿರಲಿಲ್ಲ. ಮಾವ ತಪ್ಪುತ್ತಾರೇನೋ, ಈಗ ತಪ್ಪುತ್ತಾರೇನೋ ಎಂದು ಅವರನ್ನೇ ಕಾಯುತ್ತಿದ್ದೆ. ಅವರ ಬೆರಳು, ಅವರ ಕಾಲು, ಅವರ ಕಣ್ಣು.

ಮೂರನೆಯ ಪುಟದ ಆ ಜಾಗ ಬಂತು. ಮಾವ ಕೀ ಒತ್ತಿದರು. ನಿಯಮದಂತೆ ಕೈಯನ್ನು ಎದೆಯ ಹತ್ತಿರಕ್ಕೆ ಎತ್ತಿದರು. ನಾನು ಆ ಕೈಯನ್ನೇ ನೋಡುತ್ತಾ ಕೂತೆ. ನನ್ನ ಕೈ ಏನು ಮಾಡಬೇಕು ಅನ್ನುವುದು ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಎದುರಿಗೆ ಪುಟವಿತ್ತು, ಪುಟದ ಮೇಲೆ ಕಪ್ಪು ಚುಕ್ಕೆಗಳಿದ್ದವು. ಅವು ಯಾವುವೂ ನನಗೆ ಸಂಬಂಧಪಟ್ಟವಾಗಿರಲಿಲ್ಲ.

ಎರಡು ತಿಂಗಳು ಅವರು ತಪ್ಪುತ್ತಾರೆಂದು ಹೆದರಿ ಸತ್ತಿದ್ದೆ. ತಪ್ಪಿದವಳು ನಾನು.

ಮಾವ ನಿಲ್ಲಿಸಲಿಲ್ಲ. ಅದೇ ಎರಡು ಆವರ್ತವನ್ನು ಮತ್ತೊಮ್ಮೆ ನುಡಿಸಿದರು. ಎಷ್ಟು ಸಹಜವಾಗಿ ನುಡಿಸಿದರೆಂದರೆ ಅದು ಹಾಡಿನಲ್ಲೇ ಇರುವುದೆಂದು ಯಾರಿಗಾದರೂ ಅನ್ನಿಸಬೇಕು. ಕಂಪನಿಯಲ್ಲಿ ಇದು ಅವರ ದಿನನಿತ್ಯದ ಕೆಲಸವಾಗಿತ್ತಂತೆ. ರಾಜನ ಪಾರ್ಟು ಮಾಡುವವನು ಕಂದಪದ್ಯ ಮರೆತು ನಿಂತರೆ ಹಾರ್ಮೋನಿಯಂನವನು ನಿಲ್ಲಿಸುವಂತಿಲ್ಲ. ಅದೇ ತಿರುವನ್ನು ಸುತ್ತುತ್ತಾ ಸುತ್ತುತ್ತಾ, ಅವನಿಗೆ ನೆನಪಾಗುವವರೆಗೆ ಕಾಯಬೇಕು. ಜನ ರಾಜ ಯೋಚಿಸುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಮಾವ ಎರಡನೆಯ ಸಲ ಸುತ್ತಿದರು. ಕೈಯನ್ನು ಎದೆಗೆ ಎತ್ತಿದರು. ನಾನು ಕಲ್ಲಾಗಿದ್ದೆ. ಮೂರನೆಯ ಸಲವೂ ಸುತ್ತಿದರು. ಈ ಸಲ ಕೈ ಎತ್ತಲಿಲ್ಲ. ಕುರ್ಚಿಯಿಂದ ನನ್ನ ಕಡೆಗೆ ಪೂರ್ತಿ ವಾಲಿ, ಆ ಗೇಣು ಜಾಗವನ್ನು ದಾಟಿ, ಮೊಣಕೈಯಿಂದ ನನ್ನ ಪಕ್ಕೆಗೆ ಒಂದು ತಿವಿದರು.

ನನ್ನ ಬೆರಳು ಕೀ ಮೇಲೆ ಬಿತ್ತು. ಅವರ ಬೆರಳು ಇನ್ನೂ ಅಲ್ಲೇ ಇತ್ತು. ಎರಡೂ ಒಂದರ ಪಕ್ಕ ಒಂದು ಅದೇ ಕೀಯನ್ನು ಒತ್ತಿದವು. ಹಾಡು ಮುಂದಕ್ಕೆ ಹೋಯಿತು.

ಚಪ್ಪಾಳೆ ಬಿತ್ತು. ಗುಬ್ಬಿಯ ಮಕ್ಕಳು ಎದ್ದು ನಿಂತು ತಟ್ಟಿದರು. ಮೇಡಂ ನನ್ನ ಕಿವಿಯಲ್ಲಿ, ‘ಮಧ್ಯದಲ್ಲಿ ಏನೋ ಸೇರಿಸಿಬಿಟ್ರಿ, ಚೆನ್ನಾಗೇ ಇತ್ತು’ ಅಂದರು. ಗಂಡ ಹಿಂದಿನ ಸಾಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಮಕ್ಕಳು ಬಂದು ಮಾವನ ಕಾಲು ಮುಟ್ಟಿ, ಖಾರಾಬಾತಿನ ವಾಸನೆ ಹಿಡಿದು ಕೆಳಗೆ ಓಡಿದರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಹೋದರು.

ಮಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಸುಸ್ತಾಯಿತೇನೋ, ಎದೆ ನೋವೇನೋ ಎಂದು ನನಗೆ ಹೊಸ ಗಾಬರಿ. ‘ಮಾವ, ನೀರು ತರ್ಲಾ?’ ಎಂದು ಅವರ ಮುಂದೆ ಬಂದು, ಬಾಯಿ ಕಾಣುವ ಹಾಗೆ ಕೇಳಿದೆ.

‘ನೀರ್ ಬ್ಯಾಡ. ಒಂದ್ ಮಾತು ಕೇಳ್ಬೇಕು. ನಗ್ಬಾರ್ದು.’

‘ಕೇಳಿ ಮಾವ.’

‘ಮೇಲ್ಗಡೆ ನೀನ್ ಬಾರಿಸ್ತಿದ್ದೆಯಲ್ಲ ಕಣಮ್ಮ, ಅದು ಹೆಂಗೈತೆ?’

ಅವರು ಪಿಯಾನೋದ ಬಲ ತುದಿಯನ್ನು ನೋಡುತ್ತಾ ನಿಧಾನವಾಗಿ ಹೇಳಿದರು.

‘ನಂಗೆ ನಿಂದು ಒಂದೂ ಕೇಳ್ಸಿಲ್ಲ. ಮೊದಲ್ನೇ ದಿನದಿಂದ್ಲೂ ಕೇಳ್ಸಿಲ್ಲ. ನಿನ್ ಕೈ ನೋಡ್ಕೊಂಡು, ನಿನ್ ಉಸಿರು ನೋಡ್ಕೊಂಡು ಬಾರಿಸ್ದೆ. ಇವತ್ತು ನೀನ್ ಉಸಿರು ಹಿಡ್ದೆ, ಸರಿ ಮರೆತ್ಲು ಅಂತ ಗೊತ್ತಾಯ್ತು.’

ನಾನು ಅವರ ಕಣ್ಣೆದುರಿಗೆ ಬಾಗಿ ಹೇಳಿದೆ. ‘ಗೊತ್ತು ಮಾವ. ನಿಮಗೆ ಕೇಳ್ಸಲ್ಲ ಅಂತ ನಂಗೆ ಗೊತ್ತಿತ್ತು.’

ಅವರು ತಿರುಗಿ ನನ್ನ ಮುಖವನ್ನು ನೋಡಿದರು. ಸಿಟ್ಟು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ‘ಗೊತ್ತಿದ್ದೂ ಕೂರಿಸ್ಕೊಂಡ್ಯಾ?’ ಎಂದಷ್ಟೇ ಕೇಳಿದರು.

ನನಗೆ ನಾಚಿಕೆಯಾಯಿತು. ಕೂರಿಸಿಕೊಂಡದ್ದಕ್ಕಲ್ಲ. ಎರಡು ತಿಂಗಳು ನಾನು ಅವರ ಮರ್ಯಾದೆಯ ಬಗ್ಗೆ, ಮಕ್ಕಳ ಬಗ್ಗೆ, ಜನರ ಬಗ್ಗೆ, ಬೆಂಚಿನ ಬಗ್ಗೆ ಯೋಚಿಸಿದ್ದೆ. ಒಂದು ಹಾಡಿಗೆ ದಿನಾ ಸಂಜೆ ಆಸರೆ ಕೊಡುತ್ತಿದ್ದ ಮನುಷ್ಯ ಆ ಹಾಡನ್ನು ಒಂದು ಸಲವೂ ಕೇಳಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

ನನ್ನ ಜಾಗದಲ್ಲೇ ಕೂತು ಮೇಲಿನ ಸ್ವರಗಳಲ್ಲಿ ನುಡಿಸಿದರೆ ಅದು ಅವರಿಗೆ ಕೇಳುತ್ತಿರಲಿಲ್ಲ. ಕುರ್ಚಿಯನ್ನು ಅವರ ಕುರ್ಚಿಗೆ ತಾಗುವ ಹಾಗೆ ಎಳೆದುಕೊಂಡು, ಅವರ ಮುಂದೆ ಕೈ ಚಾಚಿ, ಎಡ ತುದಿಯ ದಪ್ಪ ಸ್ವರಗಳಲ್ಲಿ, ಬರೆದದ್ದಕ್ಕಿಂತ ಎರಡು ಸ್ಥಾಯಿ ಕೆಳಗೆ, ಹಾಡನ್ನು ಶುರು ಮಾಡಿದೆ. ಒಂದೇ ಕೈ, ಒಂದೊಂದೇ ಸ್ವರ. ಅಷ್ಟು ತಗ್ಗಿನಲ್ಲಿ ಆ ಹಾಡು ಯಾರೋ ಗಂಡಸು ಗಂಟಲು ಕಟ್ಟಿಕೊಂಡು ಹಾಡಿದಂತಿತ್ತು. ಮಾವ ಮೊದಲಿಗೆ ಅಭ್ಯಾಸದಂತೆ ನನ್ನ ಬೆರಳು ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡರು.

ಮುಗಿಯಿತು. ಕೆಳಗಿನಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಮಾವ ಕಣ್ಣು ತೆರೆದರು. ಟವೆಲಿಗಾಗಿ ಹೆಗಲು ತಡವಿದರು. ಜುಬ್ಬಾ ಹಾಕಿದ್ದರಿಂದ ಟವೆಲ್ ಇರಲಿಲ್ಲ. ಅಂಗೈಯಿಂದಲೇ ಮುಖ ಒರೆಸಿಕೊಂಡರು.

‘ಇದಾ?’ ಅಂದರು. ‘ಇಷ್ಟ್ ದಿನ ಇದಾ?’

‘ಇದೇ ಮಾವ.’

‘ಇನ್ನೊಂದ್ ಸಲ ಬಾರ್ಸು. ಎರಡನೇ ಸಾಲಲ್ಲಿ ಓಡ್ತೀಯ ಕಣಮ್ಮ, ನಿಧಾನ.’